ಗೋಡೆಯಾಚೆಯ ಸ್ವರ್ಲಿಗ್

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಬೈಯುವುದು ಮನೆತನವಿಲ್ಲದವರ ಕೆಲಸ ಎಂದು ಅಮ್ಮ ತಿಳಿದಿದ್ದಳು. ನಮ್ಮಲ್ಲಿ ಮೂಗಿನ ಹೊಳ್ಳೆ ಒಂದಿಷ್ಟು ಅರಳುತ್ತಿತ್ತು, ತುಟಿಯ ಎಡತುದಿ ಒಂದಿಷ್ಟು ಕೆಳಗಿಳಿಯುತ್ತಿತ್ತು. ಅಷ್ಟರಲ್ಲೇ ಎದುರಿನವರ ಊರು, ಅಡುಗೆ, ಕಿಟಕಿಯ ಪರದೆ, ಮಕ್ಕಳ ಮಾರ್ಕ್ಸು ಎಲ್ಲವೂ ವಿಲೇವಾರಿಯಾಗಿಬಿಡುತ್ತಿದ್ದವು. ಲಂಡನ್ನಿನ ಅಂಚಿನ ಪಿನ್ನರ್‌ನ ಆ ಜೋಡಿಮನೆಯ ನಮ್ಮ ಅರ್ಧದಲ್ಲಿ ನಾನು ಕಲಿತ ಮೊದಲ ವಿದ್ಯೆ ಇದೇ. ಅಪ್ಪ ಧಾರವಾಡದವನು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅಮ್ಮ ಮೈಸೂರಿನವಳು. ಸಾರಿಗೆ ಬೆಲ್ಲ ಹಾಕುವವರ ಬೆನ್ನುಮೂಳೆಯೇ ಮೆತ್ತಗೆ ಎಂದು ಅಪ್ಪ ನಂಬಿದ್ದ. ಧಾರವಾಡದವರು 'ಬನ್ನಿ, ಊಟ ಮಾಡಿ' ಎಂದರೂ ಹೊಡೆಯಲು ಬಂದಂತೆ ಕೇಳಿಸುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಇಬ್ಬರೂ ಒಂದಾಗುತ್ತಿದ್ದುದು ಮೂರನೆಯವರ ವಿಷಯ ಬಂದಾಗ ಮಾತ್ರ. ಸ್ಟ್ಯಾನ್ಮೋರಿನ ಕನ್ನಡದ ಡಾಕ್ಟರುಗಳಿಗೆ ಒಂಟಿಮನೆ ಕೊಂಡ ಕೊಬ್ಬು. ಹೌನ್ಸ್ಲೋಗೆ ಹೊಸದಾಗಿ ಬಂದಿಳಿಯುತ್ತಿದ್ದ ಕಂಪ್ಯೂಟರಿನ ಹುಡುಗರಿಗೆ ಶೂ ಬಿಚ್ಚಿ ಒಳಗೆ ಬರಬೇಕೆಂಬ ಜ್ಞಾನವಿಲ್ಲ. ಇಂಗ್ಲಿಷರ ಬಗ್ಗೆಯಂತೂ ಮಾತೇ ಬೇಡ, ಪಾತ್ರೆ ತೊಳೆದ ಸೋಪಿನ ನೊರೆಯನ್ನು ನೀರಿನಲ್ಲಿ ಜಾಲಿಸದೆ ಹಾಗೇ ಒರೆಸಿಡುವ ಜನ. ನನ್ನ ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ಇದಕ್ಕೆ ಕೊನೆಯ ಹೊಳಪು ಕೊಟ್ಟಳು. 'ದನಿ ಏರಿಸುವ ಹುಡುಗಿ ಆಗಲೇ ಸೋತಿರುತ್ತಾಳೆ' ಎನ್ನುತ್ತಿದ್ದಳು. ನಾನು ಇವತ್ತಿಗೂ ದನಿ ಏರಿಸುವುದಿಲ್ಲ. ನನ್ನನ್ನು ಎಲ್ಲರೂ ಮೃದು ಸ್ವಭಾವದವಳು ಎನ್ನುತ್ತಾರೆ. ಅವರಿಗೆ ನಮ್ಮ ಮನೆ ಗೊತ್ತಿಲ್ಲ.

ಜೋಡಿಮನೆಯ ನಡುವೆ ಒಂದೇ ಗೋಡೆ. ನಮ್ಮ ದೇವರ ಗೂಡು ಆ ಗೋಡೆಗೆ ಒರಗಿತ್ತು. ಪೂರ್ವಕ್ಕೆ ಮುಖ ಮಾಡಿದ ವೆಂಕಟರಮಣ, ಪಕ್ಕದಲ್ಲಿ ಬೆಳ್ಳಿಯ ಪುಟ್ಟ ಗಣಪತಿ, ಕೆಳಗೆ ಬಿಸಿನೀರಿನ ಕೊಳವೆ ಹಾದುಹೋಗುವುದರಿಂದ ಸದಾ ಬೆಚ್ಚಗಿರುವ ಅರಿಶಿನದ ಬಟ್ಟಲು. ಗೋಡೆಯ ಆ ಕಡೆ, ಹೆಚ್ಚುಕಡಿಮೆ ಅದೇ ಇಟ್ಟಿಗೆಗಳ ಮೇಲೆ, ಪಕ್ಕದ ಮನೆಯವರ ದೇವರು: ಕುದುರೆ ಏರಿ ಹಾವಿನಂಥದ್ದೊಂದನ್ನು ಈಟಿಯಿಂದ ಚುಚ್ಚುತ್ತಿರುವ ಸಂತ ಜಾರ್ಜ್. ಅವರಲ್ಲಿ ದೇವರ ಪಟ ಮನೆಯ ಪೂರ್ವದ ಗೋಡೆಯ ಮೇಲೇ ಇರಬೇಕಂತೆ. ಹೀಗಾಗಿ ಇಬ್ಬರೂ ಒಂದೇ ಗೋಡೆಗೆ ಬೆನ್ನು ಕೊಟ್ಟು, ಒಬ್ಬರ ಮುಖ ಒಬ್ಬರು ನೋಡದೆ, ನಮ್ಮ ಎರಡು ಮನೆಗಳ ಹಾಗೆಯೇ ಇದ್ದರು. ಪಕ್ಕದ ಮನೆಯಾಕೆಯ ಹೆಸರು ರಾದ್ಮಿಲಾ. ಅಮ್ಮ ಅವಳನ್ನು ರಾಧಮ್ಮ ಮಾಡಿದಳು. ಗಂಡ ಮಿಲಾನ್ ಬಸ್ ಗ್ಯಾರೇಜಿನಲ್ಲಿ ಕೆಲಸ ಮಾಡಿ, ಸೊಂಟ ಹಿಡಿದು, ಬೇಗ ನಿವೃತ್ತನಾಗಿದ್ದ. ಮಕ್ಕಳಿರಲಿಲ್ಲ. ಯುಗೊಸ್ಲಾವಿಯಾ ಇನ್ನೂ ಒಂದೇ ದೇಶವಾಗಿದ್ದ ಕಾಲದಲ್ಲಿ ಬಂದವರು. ಅವರ ಊರು ಸರ್ಬಿಯಾದ ಮೂಲೆಯ ಸ್ವರ್ಲಿಗ್. ನಾನು ಬರೆದ ಹಾಗೆ ಅದನ್ನು ಉಚ್ಚರಿಸಿದರೆ ರಾಧಮ್ಮ ಒಪ್ಪುತ್ತಿರಲಿಲ್ಲ. ಮೊದಲ ನಾಲ್ಕು ವ್ಯಂಜನಗಳ ನಡುವೆ ಉಸಿರು ಬಿಡುವಂತಿಲ್ಲ. ಅಪ್ಪ ಒಮ್ಮೆ ಪ್ರಯತ್ನಿಸಿ ಕೈಬಿಟ್ಟ.

"ಹೆಸರಿನ್ಯಾಗ ಒಂದು ಸ್ವರ ಕೂಡ್ಸಾಕ ಗತಿ ಇಲ್ಲದ ಊರು. ಅಲ್ಲೆ ಮತ್ತೇನಿರ್ತದ?"

ಏನಿತ್ತು ಎನ್ನುವುದು ನನ್ನಷ್ಟು ಪಿನ್ನರ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಮಧ್ಯಾಹ್ನದ ಮೇಲೆ ಹೈ ಸ್ಟ್ರೀಟಿನ ಔಷಧಿ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದಳು. ಶಾಲೆ ಬಿಟ್ಟ ನಾನು ಅವಳು ಬರುವವರೆಗೆ ರಾಧಮ್ಮನ ಅಡುಗೆಮನೆಯಲ್ಲಿ. ಅದು ನಮ್ಮ ಅಡುಗೆಮನೆಯ ಕನ್ನಡಿ ಬಿಂಬ. ನಮ್ಮಲ್ಲಿ ಸಿಂಕ್ ಇದ್ದ ಕಡೆ ಅವರ ಒಲೆ, ನಮ್ಮ ಒಲೆಯ ಕಡೆ ಅವರ ಸಿಂಕ್. ಟಿವಿಯ ಮೇಲೆ, ಟೋಸ್ಟರಿನ ಮೇಲೆ, ಟೆಲಿಫೋನಿನ ಕೆಳಗೆ ಕ್ರೋಶಾದ ಬಿಳಿ ವೃತ್ತಗಳು. ಬಾಗಿಲ ಹಿಂದೆ ಸ್ವರ್ಲಿಗ್ ಮುನಿಸಿಪಾಲಿಟಿಯ ನಕಾಶೆ, ಮಡಿಕೆಗಳ ಜಾಗದಲ್ಲಿ ಹರಿದು ಟೇಪು ಹಚ್ಚಿದ್ದು. ನಡುವೆ ಪೇಟೆ, ಸುತ್ತ ಬೆಟ್ಟ, ಬೆಟ್ಟದ ಸಂದಿಗಳಲ್ಲಿ ಕುರಿಹಿಕ್ಕೆಯಂತೆ ಚೆಲ್ಲಿದ ಮೂವತ್ತಕ್ಕೂ ಹೆಚ್ಚು ಹಳ್ಳಿಗಳು, ಟಿಮೋಕ್ ಎಂಬ ಹೊಳೆ, ಒಂದು ರೈಲು ದಾರಿ. ಇದು ಭೂಮಂಡಲದ ನಡುಬಿಂದು ಎಂದು ರಾಧಮ್ಮ ನಂಬಿದ್ದಳು. ಪಿನ್ನರ್‌ನ ಈರುಳ್ಳಿ ಕಣ್ಣಲ್ಲಿ ನೀರು ತರಿಸುವುದಿಲ್ಲ, ಸ್ವರ್ಲಿಗ್‌ನದು ತರಿಸುತ್ತದೆ. ಇಲ್ಲಿಯ ಕುರಿ ಹುಲ್ಲು ತಿನ್ನುತ್ತದೆ, ಅಲ್ಲಿಯ ಕುರಿ ಮೂಲಿಕೆ ಆರಿಸಿ ತಿನ್ನುತ್ತದೆ. ಇಲ್ಲಿಯ ಮಳೆಗೆ ಧೈರ್ಯವಿಲ್ಲ. ಅವಳ ಇಂಗ್ಲಿಷ್ ಮುರುಕಲು. ನಾನದನ್ನು ಕನ್ನಡದಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದೇನೆ. ಆದರೆ ಆ ದನಿಯ ದರ್ಪಕ್ಕೆ ಯಾವ ವ್ಯಾಕರಣವೂ ಬೇಕಾಗಿರಲಿಲ್ಲ. ಮಾತಿನ ಮಧ್ಯೆ ಸರ್ಬಿಯನ್ ಬೆರೆಯುತ್ತಿತ್ತು, ಅದೂ ಮೆಲ್ಲಗೆ ನನ್ನ ಕಿವಿಗೆ ಇಳಿಯಿತು.

ನನಗೆ ಎಲ್ಲಕ್ಕಿಂತ ರಂಜನೆಯಾಗುತ್ತಿದ್ದುದು ಅವಳು ಗಂಡನನ್ನು ಕಾಣುತ್ತಿದ್ದ ರೀತಿ. ರಾಧಮ್ಮ ಪೇಟೆಯವಳು, ಮುನಿಸಿಪಾಲಿಟಿ ಕಚೇರಿಯ ಎದುರಿನ ಬೀದಿಯಲ್ಲಿ ಹುಟ್ಟಿದವಳು. ಮಿಲಾನ್ ಅದೇ ಮುನಿಸಿಪಾಲಿಟಿಯ ಬೆಟ್ಟದ ಮೇಲಿನ ಹಳ್ಳಿಯವನು. ನಕಾಶೆಯಲ್ಲಿ ಎರಡರ ನಡುವೆ ನನ್ನ ಕಿರುಬೆರಳಿನ ಉಗುರಿನಷ್ಟು ದೂರ. ಲಂಡನ್ನಿಗೆ ಬಂದು ಕೂದಲು ನರೆತರೂ ಆ ಉಗುರಿನಷ್ಟು ದೂರ ಕಡಿಮೆಯಾಗಿರಲಿಲ್ಲ.

"ಇವನನ್ನು ನೋಡು, ಬ್ರೆಡ್ಡಿಗೆ ಚಾಕು ಹಾಕುವುದು ಹೇಗೆ. ಹಳ್ಳಿಯವ. ಅಲ್ಲಿ ಇವರ ಕೋಳಿ ಮಂಚದ ಮೇಲೆ ಮಲಗುತ್ತಿತ್ತು."

"ಕೋಳಿ ಮೊಟ್ಟೆ ಇಡುತ್ತಿತ್ತು," ಎಂದು ಮಿಲಾನ್ ತಲೆ ಎತ್ತದೆ ಹೇಳುತ್ತಿದ್ದ. "ನಿಮ್ಮ ಪೇಟೆಯವರು ಏನಿಡುತ್ತಿದ್ದರು?"

ನಾನು ಇದನ್ನು ಮನೆಯಲ್ಲಿ ವರದಿ ಮಾಡಿದರೆ ಅಪ್ಪ ಅಮ್ಮನ ಕಡೆ ನೋಡಿ ನಗುತ್ತಿದ್ದ, ಅಮ್ಮ ಅಪ್ಪನ ಕಡೆ ನೋಡಿ ನಗುತ್ತಿದ್ದಳು. ಇಬ್ಬರೂ ಅದರಲ್ಲಿ ಇನ್ನೊಬ್ಬರನ್ನು ಮಾತ್ರ ಕಂಡರು.

ಆ ಅಡುಗೆಮನೆಯ ಒಂದೇ ಒಂದು ವಿಷಯಕ್ಕೆ ಅಮ್ಮನ ತುಟಿ ಕೆಳಗಿಳಿಯಲಿಲ್ಲ. ಅತಿಥಿ ಬಂದರೆ ಅವರು ಮೊದಲು ಕೊಡುವುದು ಪಾಕದಲ್ಲಿಟ್ಟ ಹಣ್ಣು, ಚೆರ್ರಿಯೋ ಪ್ಲಮ್ಮೋ. ತಟ್ಟೆಯಲ್ಲಿ ಒಂದು ಬಟ್ಟಲು ಹಣ್ಣು, ಒಣ ಚಮಚಗಳು, ಪಕ್ಕದಲ್ಲಿ ನೀರು ತುಂಬಿದ ಗ್ಲಾಸು. ಒಂದು ಚಮಚ ತೆಗೆದುಕೊಂಡು ತಿಂದು, ಬಾಯಿಗಿಟ್ಟ ಚಮಚವನ್ನು ಆ ಗ್ಲಾಸಿನ ನೀರಿಗೆ ಹಾಕಿಬಿಡಬೇಕು. ಬಟ್ಟಲಿಗೆ ಎರಡನೆಯ ಸಲ ಅದೇ ಚಮಚ ಹಾಕಿದರೆ ಮುಗಿಯಿತು. ನಾನದನ್ನು ಮನೆಯಲ್ಲಿ ಅಭಿನಯಿಸಿ ತೋರಿಸಿದೆ. ಅಮ್ಮ ಒಗ್ಗರಣೆ ಸೌಟನ್ನು ಕೆಳಗಿಟ್ಟಳು.

"ಎಂಜಲು ಗೊತ್ತಾ ಇವರಿಗೆ? ಪರವಾಗಿಲ್ವೇ!"

ಆ 'ಪರವಾಗಿಲ್ಲ' ಬಹಳ ದಿನ ಬಾಳಲಿಲ್ಲ. ಶರತ್ಕಾಲದಲ್ಲಿ ರಾಧಮ್ಮ ಹಿತ್ತಲಲ್ಲಿ ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಚಳಿಗಾಲಕ್ಕೆ ಚಟ್ನಿ ಕಾಯಿಸುತ್ತಿದ್ದಳು. ಹೊಗೆ ನಮ್ಮ ತಂತಿಯ ಮೇಲಿನ ಸೀರೆಗಳಿಗೆ. ನಮ್ಮ ಸಾಸಿವೆ, ಇಂಗಿನ ಒಗ್ಗರಣೆಯ ಘಾಟು ಅವಳ ಕ್ರೋಶಾಗಳಿಗೆ. ಬೇಲಿಯ ಎರಡೂ ಕಡೆ ಇಬ್ಬರೂ ಕೆಮ್ಮುತ್ತಿದ್ದರು. ಕೆಮ್ಮಿಗೆ ಅವಶ್ಯವಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ.

ಇದೆಲ್ಲ ಸಣ್ಣದು. ನಿಜವಾದ ವಿರಸ ಹುಟ್ಟಿದ್ದು ಹಬ್ಬಗಳಿಂದ. ನವರಾತ್ರಿಗೆ ಅಮ್ಮ ಮುಂದಿನ ಕೋಣೆಯಲ್ಲಿ ಗೊಂಬೆ ಕೂರಿಸುತ್ತಿದ್ದಳು. ವರ್ಷವೆಲ್ಲ ಪ್ಲಾಸ್ಟಿಕ್ ಹೊದ್ದು ಕೂತಿರುತ್ತಿದ್ದ ಸೋಫಾಗಳಿಗೆ ಆ ವಾರ ಮಾತ್ರ ಬಿಡುಗಡೆ. ಮೆಟ್ಟಿಲುಗಳಿಗೆ ಬಿಳಿ ಪಂಚೆ, ಪಟ್ಟದ ಗೊಂಬೆಗಳು, ಮೈಸೂರಿನಿಂದ ಹತ್ತಿಯಲ್ಲಿ ಸುತ್ತಿ ತಂದ ಮರದ ಆನೆ. ಅಮ್ಮ ಒಬ್ಬೊಬ್ಬರಿಗೂ ಫೋನು ಮಾಡಿ, ಹತ್ತಿರವಿದ್ದವರ ಮನೆಗೆ ಹೋಗಿ ಹಣೆಗೆ ಕುಂಕುಮವಿಟ್ಟು ಕರೆದು ಬರುತ್ತಿದ್ದಳು. ಕರೆಯುವುದೆಂದರೆ ಅಮ್ಮನಿಗೆ ಹಬ್ಬದ ಅರ್ಧ ಭಾಗ. ಯಾರನ್ನು ಮೊದಲು ಕರೆದೆ, ಯಾರನ್ನು ಫೋನಿನಲ್ಲಿ ಮುಗಿಸಿದೆ, ಯಾರಿಗೆ 'ತಪ್ಪದೆ ಬನ್ನಿ' ಅಂದೆ, ಯಾರಿಗೆ ಬರೀ 'ಬನ್ನಿ' ಅಂದೆ, ಎಲ್ಲಕ್ಕೂ ತೂಕವಿತ್ತು. ನಾವು ಆ ಮನೆಗೆ ಬಂದ ಮೊದಲ ವರ್ಷ ಪಕ್ಕದವರನ್ನು ಕರೆಯಬೇಕೋ ಬೇಡವೋ ಎಂದು ಅಮ್ಮ ಯೋಚಿಸುತ್ತಿರುವಾಗಲೇ ಬಾಗಿಲ ಗಂಟೆ ಹೊಡೆಯಿತು. ಎದೆಗೆ ಪದಕದಂಥ ಬ್ರೋಚ್ ಚುಚ್ಚಿಕೊಂಡು, ಕೈಯಲ್ಲಿ ಪ್ಲಮ್ ಹಣ್ಣಿನ ಸಾರಾಯಿಯ ಬಾಟಲಿ ಹಿಡಿದು ರಾಧಮ್ಮ, ಹಿಂದೆ ಮಿಲಾನ್. ಇಬ್ಬರೂ ಗೊಂಬೆಗಳ ಎದುರಿನ ದೊಡ್ಡ ಸೋಫಾದಲ್ಲಿ ಕೂತು, ಕೊಟ್ಟ ಚಕ್ಕುಲಿಯನ್ನೆಲ್ಲ ತಿಂದು, 'ಒಣ' ಎಂದು ಹೇಳಿ ಹೋದರು.

"ಕರೀದೇನೆ ಬಂದ್ಬಿಟ್ಲಲ್ರೀ! ಮಾನ ಮರ್ಯಾದೆ ಅನ್ನೋದು ಬೇಡ್ವೇ ಮನುಷ್ಯರಿಗೆ? ಅದೂ ಗೊಂಬೆ ಮುಂದೆ ಹೆಂಡದ ಬಾಟ್ಲಿ!"

"ಬಾಟ್ಲಿ ಇರ್ಲಿ ಬಿಡು," ಎಂದ ಅಪ್ಪ. "ಗ್ಯಾರೇಜಿನ್ಯಾಗ ಇಡ್ತೇನಿ."

ಮುಂದಿನ ಮೇ ತಿಂಗಳಲ್ಲಿ ಗೋಡೆಯ ಆಚೆ ಹಬ್ಬ. ಅವರಲ್ಲಿ ಪ್ರತಿ ಮನೆಗೂ ಒಬ್ಬ ಸಂತನಿರುತ್ತಾನೆ, ಅವನ ದಿನ ಮನೆಯ ಹಬ್ಬ. ಅದಕ್ಕೆ ಸ್ಲಾವಾ ಎನ್ನುತ್ತಾರೆ. ಇವರ ಜಾರ್ಜ್ ಇಂಗ್ಲಿಷರ ಜಾರ್ಜಿಗಿಂತ ಸುಮಾರು ಎರಡು ವಾರ ತಡವಾಗಿ, ಹಳೆಯ ಪಂಚಾಂಗ ಹಿಡಿದು ಬರುತ್ತಿದ್ದ. ಇಂಗ್ಲಿಷರ ಜಾರ್ಜಿಗೆಂದು ಪಬ್ಬಿನ ಮುಂದೆ ಹಾರಿಸಿದ ಕೆಂಪು ಶಿಲುಬೆಯ ಬಾವುಟ ಮಳೆಗೆ ನೆನೆದು ಮುದುಡಿದ ಮೇಲೆ ನಮ್ಮ ಪಕ್ಕದ ಮನೆಯಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದರು. ಹೌನ್ಸ್ಲೋದಿಂದ ಮಿಲಾನನ ದಾಯಾದಿಗಳು ಬಂದು ಹಾಡುತ್ತಿದ್ದರು. ಅಮ್ಮ ಗೋಡೆಗೆ ಕಿವಿ ಕೊಡದ ಹಾಗೆ ಗೋಡೆಯ ಪಕ್ಕದಲ್ಲೇ ಬಟ್ಟೆ ಮಡಿಸುತ್ತ ಕೂತಿರುತ್ತಿದ್ದಳು.

"ನಮ್ಮನೆ ಚಕ್ಕುಲಿ ತಿಂದು ಹೋದೋರು, ಬನ್ನಿ ಅಂತ ಒಂದು ಮಾತಿಲ್ಲ ನೋಡು."

ನಾನು ಮರುದಿನ ರಾಧಮ್ಮನನ್ನೇ ಕೇಳಿದೆ, ನಮ್ಮನ್ನು ಯಾಕೆ ಕರೆಯಲಿಲ್ಲ ಎಂದು. ಅವಳು ನನ್ನನ್ನು ದಡ್ಡಿಯ ಹಾಗೆ ನೋಡಿದಳು. ಸ್ಲಾವಾಕ್ಕೆ ಯಾರನ್ನೂ ಕರೆಯುವುದಿಲ್ಲ. ಕರೆಯುವುದು ಮದುವೆಗೆ. ಸ್ಲಾವಾದ ದಿನ ಬಾಗಿಲು ತೆರೆದಿರುತ್ತದೆ. ಮನೆಯವರ ಮೇಲೆ ಪ್ರೀತಿ ಇದ್ದವನು ದಿನ ನೆನಪಿಟ್ಟುಕೊಂಡು ತಾನೇ ಬರುತ್ತಾನೆ. ಕರೆದರೆ ಅದರಲ್ಲಿ ಏನುಳಿಯಿತು?

"ನಾನು ನಿಮ್ಮ ಗೊಂಬೆಗೆ ಬಂದೆ. ನಿನ್ನ ಅಮ್ಮ ನನ್ನ ಸಂತನಿಗೆ ಬರಲಿಲ್ಲ. ಡಾಕ್ಟರನ ಹೆಂಡತಿ. ದೊಡ್ಡ ಮೂಗು."

ಮನೆಗೆ ಬಂದು ನಾನು ಇದನ್ನು ಅಕ್ಷರಶಃ ಒಪ್ಪಿಸಿದೆ. "ಅಮ್ಮಾ, ದೆ ಡೋಂಟ್ ಇನ್ವೈಟ್. ಇಟ್ಸ್ ಅ ರೂಲ್."

"ಅದು ರೂಲಲ್ಲ, ಕೊಬ್ಬು," ಎಂದಳು ಅಮ್ಮ. "ಕರೀದೆ ಇರೋರ ಮನೆ ಹೊಸ್ತಿಲು ತುಳಿಯೋ ಪೈಕಿ ಅಲ್ಲ ನಾವು."

ಅಲ್ಲಿಗೆ ಮುಗಿಯಿತು. ಒಬ್ಬಳು ಕರೆಯುವುದಿಲ್ಲ, ಇನ್ನೊಬ್ಬಳು ಕರೆಯದೆ ಹೋಗುವುದಿಲ್ಲ. ಇಬ್ಬರೂ ತಮ್ಮ ತಮ್ಮ ಊರಿನ ಪೂರ್ತಿ ಮರ್ಯಾದೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಒಂದೇ ಗೋಡೆಯ ಎರಡು ಕಡೆ, ಒಬ್ಬರನ್ನೊಬ್ಬರು ತುಚ್ಛವಾಗಿ ಕಾಣುತ್ತ ವರ್ಷಗಳನ್ನು ಕಳೆದರು. ನನ್ನನ್ನು ಮಾತ್ರ ಅಮ್ಮ ದಿನವೂ ಕಳಿಸುತ್ತಿದ್ದಳು, ರಾಧಮ್ಮ ದಿನವೂ ಹಾಲು ಕೊಡುತ್ತಿದ್ದಳು. ಅದು ವ್ಯವಹಾರ, ಅದಕ್ಕೂ ಮರ್ಯಾದೆಗೂ ಸಂಬಂಧವಿಲ್ಲ.

ಆಮೇಲೆ ಆ ವಸಂತ ಬಂತು, ನಮ್ಮ, ಅಂದರೆ ಇಂಗ್ಲಿಷರ, ವಿಮಾನಗಳು ಅವರ ದೇಶದ ಮೇಲೆ ಬಾಂಬು ಹಾಕುತ್ತಿದ್ದ ವಸಂತ. ಟಿವಿಯಲ್ಲಿ ಪ್ರತಿ ಸಂಜೆ ಸರ್ಬಿಯಾದ ಸೈನ್ಯಕ್ಕೆ ಹೆದರಿ ಮನೆ ಬಿಟ್ಟು ಓಡುವ ಕೊಸೊವೊದ ಜನ, ಉರಿಯುವ ಸೇತುವೆಗಳು, ಬಾಣದ ಗುರುತಿನ ನಕಾಶೆಗಳು. ನಮ್ಮ ರಸ್ತೆಯ ಹೆಂಗಸರು ಅದುವರೆಗೆ ಸರ್ಬಿಯಾ ಯಾವ ಖಂಡದಲ್ಲಿದೆ ಎಂದು ತಿಳಿಯದವರು, ಈಗ ರಾಧಮ್ಮ ಬ್ರೆಡ್ಡು ತರಲು ಹೊರಟರೆ ಎದುರಿನ ಕಾಲುದಾರಿಗೆ ದಾಟುತ್ತಿದ್ದರು, ಅವಳೇ ಆ ಜನರನ್ನು ಮನೆಯಿಂದ ಓಡಿಸಿದ ಹಾಗೆ. ಅವರ ಮುಖದಲ್ಲಿ ಸಾತ್ವಿಕ ಸಿಟ್ಟಿತ್ತು, ಕೈಯಲ್ಲಿ ನಾಯಿಯ ಹಗ್ಗವಿತ್ತು. ಹೌನ್ಸ್ಲೋದ ದಾಯಾದಿಗಳ ಕಾರಿಗೆ ಯಾರೋ ಮೊಟ್ಟೆ ಹೊಡೆದಿದ್ದರು. ರಾಧಮ್ಮನ ತಂಗಿ ಸ್ವರ್ಲಿಗ್‌ನಲ್ಲಿದ್ದಳು, ಫೋನು ಸಿಗುತ್ತಿರಲಿಲ್ಲ. ಬೆಟ್ಟದ ಈಚೆಯ ನಿಶ್ ನಗರಕ್ಕೆ ಬಾಂಬು ಬೀಳುತ್ತಿತ್ತು. ರಾಧಮ್ಮ ಹಿಟ್ಟು ನಾದುತ್ತ ನಕಾಶೆಯ ಕಡೆ ನೋಡದೆ ಹೇಳಿದಳು:

"ಸ್ವರ್ಲಿಗ್‌ಗೆ ಯಾಕೆ ಹಾಕುತ್ತಾರೆ? ಅಲ್ಲಿ ಏನಿದೆ? ಕುರಿ. ಒಂದು ದರಿದ್ರ ಬಸ್ ನಿಲ್ದಾಣ. ನಾಲ್ಕು ಮುದುಕರು. ಅದೂ ಒಂದು ಊರಾ?"

ಅವಳ ಬಾಯಲ್ಲಿ ತನ್ನ ಊರಿನ ಹೀಗಳಿಕೆಯನ್ನು ನಾನು ಕೇಳಿದ್ದು ಅದೇ ಮೊದಲು. ಮೈಸೂರಿನಲ್ಲಿ ನನ್ನಜ್ಜಿ ಮುದ್ದಾದ ಕೂಸನ್ನು ಕಂಡರೆ ದೃಷ್ಟಿಯಾಗದಿರಲೆಂದು 'ಥೂ, ಕೋತಿ ಮೂತಿ' ಎನ್ನುತ್ತಿದ್ದಳು. ಅದೇ ದನಿ.

ಸ್ಲಾವಾದ ದಿನ ನಾನು ಶಾಲೆಯಿಂದ ನೇರ ಅಲ್ಲಿಗೆ ಹೋದೆ. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಉದ್ದನೆಯ ಜೇನುಮೇಣದ ಬತ್ತಿ, ಸಕ್ಕರೆ ವಾಲ್‌ನಟ್ ಬೆರೆಸಿ ಗುಡ್ಡೆ ಮಾಡಿದ ಬೇಯಿಸಿದ ಗೋಧಿ, ಹಿಟ್ಟಿನ ಹಕ್ಕಿ ಎಲೆಗಳನ್ನು ಅಂಟಿಸಿದ ದುಂಡು ಬ್ರೆಡ್ಡು. ಎಳೆ ಚೀಸಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ ಮಿಲಾನ್ ಬೆಳಿಗ್ಗೆಯಿಂದ ತಿರುವಿದ ಬೆಲ್ಮೂಝ್ ಎಂಬ ಮುದ್ದೆ, ಅಂಚಿನಲ್ಲಿ ಬೆಣ್ಣೆ ಒಸರುತ್ತಿತ್ತು. ಓವನ್ನಿನಲ್ಲಿ ಕುರಿಮರಿ. ಮುಂಬಾಗಿಲು ಒಂದು ಗೇಣು ತೆರೆದಿತ್ತು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಚಮಚಗಳೂ ನೀರಿನ ಗ್ಲಾಸೂ ಕಾದಿದ್ದವು. ಇಡೀ ಮನೆಯಲ್ಲಿ ನಾವು ಮೂವರೇ.

"ಯಾರು ಬರ್ತಾರೆ?"

"ಬರುವವರು."

ಬೆಳಿಗ್ಗೆ ಹಚ್ಚಿದ ಬತ್ತಿ ಕಾಲು ಭಾಗ ಉಳಿದಿತ್ತು. ಆ ಬ್ರೆಡ್ಡನ್ನು ಚಾಕುವಿನಿಂದ ಸುಮ್ಮನೆ ಕತ್ತರಿಸಿ ತಿನ್ನುವಂತಿಲ್ಲ. ಒಂದು ಕಡೆ ಮನೆಯ ಯಜಮಾನ, ಇನ್ನೊಂದು ಕಡೆ ಹೊರಗಿನಿಂದ ಬಂದವನು ಹಿಡಿದು, ಸುತ್ತಿಸಿ, ಮೇಲೆ ವೈನು ಎರೆದು, ಇಬ್ಬರೂ ಸೇರಿ ಮುರಿಯಬೇಕು. ಬತ್ತಿ ಆರುವ ಮೊದಲೇ ಆಗಬೇಕೆಂದು ಅವಳ ಹಟ. ಹೊರಗಿನವರು ಯಾರೂ ಬಾರದೆ ಗಂಡ ಹೆಂಡಿರೇ ಮುರಿದುಕೊಂಡು ತಿಂದ ಮನೆ ಸ್ವರ್ಲಿಗ್ ಮುನಿಸಿಪಾಲಿಟಿಯಲ್ಲಿ ಇಲ್ಲವೇ ಇಲ್ಲ ಎಂದು ರಾಧಮ್ಮ ಹೇಳಿದಳು, ಹಳ್ಳಿಗಳನ್ನೂ ಸೇರಿಸಿ.

"ನಾನಿದೀನಲ್ಲ," ಎಂದೆ.

"ನೀನು ಅತಿಥಿಯಲ್ಲ. ನೀನು ಹಾಲಿಗೆ ಬರುವ ಬೆಕ್ಕು."

ಮಿಲಾನ್ ಟೈ ಕಟ್ಟಿಕೊಂಡು, ಎರಡೂ ಕೈ ಮಂಡಿಯ ಮೇಲಿಟ್ಟು, ಬತ್ತಿಯನ್ನೇ ನೋಡುತ್ತ ಕೂತಿದ್ದ. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾದಾಗಲೆಲ್ಲ ರಾಧಮ್ಮ ಮೇಜುಬಟ್ಟೆಯ ಇಲ್ಲದ ಸುಕ್ಕನ್ನು ಸವರುತ್ತಿದ್ದಳು.

ನಾನು ಮನೆಗೆ ಓಡಿದೆ. ಅಮ್ಮ ಆಗಷ್ಟೇ ಬಂದು ಕೋಟು ಬಿಚ್ಚುತ್ತಿದ್ದಳು. ಯಾರೂ ಬಂದಿಲ್ಲ, ಬತ್ತಿ ಮುಗಿಯುತ್ತಿದೆ, ಬ್ರೆಡ್ಡು ಹಾಗೇ ಇದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಕರೆದ್ರಾ?"

"ಅಮ್ಮಾ, ದೆ ಡೋಂಟ್—"

"ಹಾಗಾದ್ರೆ ಕೈಕಾಲು ತೊಳ್ಕೊಂಡು ತಿಂಡಿ ತಿನ್ನು."

ಅಪ್ಪ ಪೇಪರಿನ ಹಿಂದಿನಿಂದ ಹೇಳಿದ: "ಅವರ ರೂಲು ಅವರ ಮನ್ಯಾಗ, ನಮ್ಮ ರೂಲು ನಮ್ಮ ಮನ್ಯಾಗ." ಆಗ ಫೋನು ಬಂತು. ಸ್ಟ್ಯಾನ್ಮೋರಿನ ವಿಮಲಾ ಆಂಟಿ, ಹೃದಯದ ಡಾಕ್ಟರರ ಹೆಂಡತಿ. ಅವಳ ದನಿ ರಿಸೀವರಿನ ಹೊರಗೂ ಚೆಲ್ಲುತ್ತಿತ್ತು.

"ನಿಮ್ಮ ಪಕ್ಕದ ಮನೆಯವರು ಅವರೇ ಅಲ್ವೇ, ಟಿವಿಯಲ್ಲಿ ಬರೋರು? ಮಗೂನ ಅಲ್ಲಿಗೆ ಕಳಿಸ್ತೀರಂತೆ? ನಮ್ಮ ರಸ್ತೇಲಾಗಿದ್ರೆ ಇಷ್ಟು ಹೊತ್ತಿಗೆ ಮನೆ ಖಾಲಿ ಮಾಡಿಸ್ತಿದ್ವಿ. ಅಂಥೋರ ಜೊತೆ ಮಾತಾಡೋದು ಅಂದ್ರೆ ಏನಪ್ಪ... ನಿಮ್ಮ ಏರಿಯಾ ಹಾಗೆ, ಪಾಪ, ನೀವೇನು ಮಾಡ್ತೀರಿ."

ಅಮ್ಮ ಬಹಳ ಮೃದುವಾಗಿ, 'ಒಲೆ ಮೇಲೆ ಹಾಲಿಟ್ಟಿದ್ದೀನಿ' ಎಂದು ಫೋನಿಟ್ಟಳು. ಒಲೆಯ ಮೇಲೆ ಏನೂ ಇರಲಿಲ್ಲ. ಮೂಗಿನ ಹೊಳ್ಳೆ ಅರಳಿತ್ತು.

"ನಮ್ಮ ಪಕ್ಕದ ಮನೆಯೋರನ್ನ ಆಡಿಕೊಳ್ಳೋಕೆ ಇವಳ್ಯಾರು? ನಾವಿಲ್ವಾ?"

ಹೀಗೆಂದು ಅಮ್ಮ ಮಹಡಿ ಹತ್ತಿದಳು. ಇಳಿದು ಬಂದಾಗ ಹಸಿರಂಚಿನ ಮೈಸೂರು ರೇಷ್ಮೆ ಉಟ್ಟಿದ್ದಳು, ಕೊರಳಲ್ಲಿ ಎರಡೆಳೆ ಸರ, ಹಣೆಯಲ್ಲಿ ಹೊಸದಾಗಿ ತಿದ್ದಿದ ಕುಂಕುಮ, ಮೇಲೊಂದು ಬೂದು ಕಾರ್ಡಿಗನ್. ಅಪ್ಪ ಪೇಪರು ಇಳಿಸಿದ.

"ಎಲ್ಲಿಗೆ?"

"ಕಂಪ್ಲೇಂಟ್ ಮಾಡೋಕೆ. ದೇವರ ಗೂಡಿಗೆಲ್ಲ ಮಾಂಸದ ವಾಸನೆ. ಇವತ್ತು ಕೇಳೇ ಬಿಡ್ತೀನಿ."

ಜಗಳಕ್ಕೆ ರೇಷ್ಮೆ ಉಟ್ಟು ಹೋದವರನ್ನು ನಾನು ನೋಡಿದ್ದು ಅದೇ ಮೊದಲು. ಕರೆಯದೆ ಊಟಕ್ಕೆ ಹೋಗಬಾರದು ಎಂಬ ನಿಯಮ ಅಮ್ಮನಲ್ಲಿ ಕಬ್ಬಿಣದಷ್ಟು ಗಟ್ಟಿ. ಆದರೆ ದೂರು ಹೇಳಲು ಹೋಗುವವರನ್ನು ಯಾರೂ ಕರೆದಿರುವುದಿಲ್ಲವಲ್ಲ. ಅಷ್ಟು ಸಣ್ಣ ಸಂದಿಯಲ್ಲಿ ಅಷ್ಟು ದೊಡ್ಡ ಜಂಬವನ್ನು ತೂರಿಸಿಕೊಂಡು ಅವಳು ನಮ್ಮ ಗೇಟು ದಾಟಿ ಪಕ್ಕದ ಗೇಟು ಹೊಕ್ಕಳು. ನಾನು ಹಿಂದೆ ಹಿಂದೆ. ಗೇಣು ತೆರೆದಿದ್ದ ಬಾಗಿಲನ್ನು ಅಮ್ಮ ತಳ್ಳಲಿಲ್ಲ, ಗಂಟೆ ಒತ್ತಿದಳು. ರಾಧಮ್ಮ ಬಂದಳು, ಎದೆಯ ಮೇಲೆ ಅದೇ ಪದಕ.

"ನಿಮ್ಮ ಅಡುಗೆಯ ವಾಸನೆ ಗೋಡೆ ದಾಟಿ ನಮ್ಮ ದೇವರ ತನಕ ಬರುತ್ತಿದೆ," ಎಂದಳು ಅಮ್ಮ, ಔಷಧಿ ಅಂಗಡಿಯ ಇಂಗ್ಲಿಷಿನಲ್ಲಿ.

ರಾಧಮ್ಮ ಅಮ್ಮನ ಸೀರೆಯ ಅಂಚನ್ನು ನೋಡಿದಳು, ಸರ ನೋಡಿದಳು, ಹಣೆ ನೋಡಿದಳು. ಒಳಗೆ ಹೋಗಿ ಗೋಧಿಯ ಬಟ್ಟಲನ್ನು ತಂದು, ಒಂದು ಒಣ ಚಮಚವನ್ನು ಅದರಲ್ಲಿ ನೆಟ್ಟು ಹಿಡಿದಳು.

"ಮೊಟ್ಟೆ ಇದೆಯಾ?"

"ಗೋಧಿ. ಸಕ್ಕರೆ. ವಾಲ್‌ನಟ್. ಮೊಟ್ಟ ಮೊದಲು ಇದು. ಕಂಪ್ಲೇಂಟ್ ಆಮೇಲೆ."

ಅಮ್ಮ ಚಮಚ ತುಂಬ ಗೋಧಿ ತೆಗೆದು, ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಕಿಸದೆ ಮೇಲಿನಿಂದ ಬಾಯಿಗೆ ಹಾಕಿಕೊಂಡಳು. ಎಂಜಲಾಗದ ಆ ಚಮಚವನ್ನು ನೀರಿನ ಗ್ಲಾಸಿಗೆ ಇಳಿಬಿಟ್ಟಳು. ರಾಧಮ್ಮ ಗ್ಲಾಸನ್ನು ಬೆಳಕಿಗೆ ಹಿಡಿದು ಚಮಚವನ್ನು ಪರೀಕ್ಷಿಸಿದಳು. ತನ್ನ ಜೀವಮಾನದಲ್ಲಿ ಅಷ್ಟು ಚೊಕ್ಕಟವಾಗಿ ಯಾರೂ ತನ್ನನ್ನು ಅವಮಾನಿಸಿರಲಿಲ್ಲ ಎಂದು ಬಹಳ ವರ್ಷಗಳ ಮೇಲೆ, ತುಂಬು ಮೆಚ್ಚುಗೆಯಿಂದ, ಅವಳು ನನಗೆ ಹೇಳಿದಳು.

ಅಮ್ಮ ಒಳಗೆ ಇಣುಕಿದಳು. ಖಾಲಿ ಕುರ್ಚಿಗಳು, ಬೆರಳಿನಷ್ಟು ಉಳಿದ ಬತ್ತಿ, ಟೈ ಕಟ್ಟಿದ ಮಿಲಾನ್.

"ಹೋಗು, ಅಪ್ಪನ್ನ ಕರ್ಕೊಂಬಾ," ಎಂದಳು ನನಗೆ. "ಕಂಪ್ಲೇಂಟ್ ಇನ್ನೂ ಮುಗಿದಿಲ್ಲ ಅಂತ ಹೇಳು."

ಅಪ್ಪ ಮನೆಯ ಚಪ್ಪಲಿಯಲ್ಲೇ ಬಂದ. ಬ್ರೆಡ್ಡಿನ ಒಂದು ಅಂಚನ್ನು ಅವನ ಕೈಗೆ ಕೊಟ್ಟಾಗ, ರೋಗಿಯ ನಾಡಿ ಹಿಡಿದ ಹಾಗೆ ಹಿಡಿದುಕೊಂಡು ಕೇಳಿದ:

"ಯಾವ ಕಡಿಗೆ ತಿರುಗ್ಸೂದು? ಪ್ರದಕ್ಷಿಣಿನೋ ಅಪ್ರದಕ್ಷಿಣಿನೋ ಕೇಳು ಮೊದಲು."

ಮಿಲಾನ್ ತಿರುಗಿಸಿದ ಕಡೆ ಅಪ್ಪನೂ ತಿರುಗಿದ. ಹಳ್ಳಿಯವನೂ ಧಾರವಾಡದವನೂ ಬ್ರೆಡ್ಡಿನ ಎರಡು ಕಡೆ ಹೆಜ್ಜೆ ತಪ್ಪುತ್ತ ಸುತ್ತಿದರು. ರಾಧಮ್ಮ ವೈನು ಎರೆದಳು, ಅಪ್ಪನ ಅಂಗಿಯ ತೋಳಿಗೂ ಸ್ವಲ್ಪ ಬಿತ್ತು. ಎಳೆದರು. ದೊಡ್ಡ ತುಂಡು ಅಪ್ಪನ ಕೈಗೆ ಬಂತು, ಹಿಟ್ಟಿನ ಹಕ್ಕಿಯ ಸಮೇತ. ಮಿಲಾನ್ ಅಪ್ಪನ ಕೆನ್ನೆಗಳಿಗೆ ಒಂದಾದ ಮೇಲೊಂದು ಮುತ್ತಿಟ್ಟ. ಅಪ್ಪ ಕಣ್ಣು ಮುಚ್ಚಿ ಸಹಿಸಿದ. ಬತ್ತಿ ಇನ್ನೂ ಉರಿಯುತ್ತಿತ್ತು.

"ಹೌನ್ಸ್ಲೋದವರು ಬಂದಾಗ ಇಷ್ಟು ಸೊಟ್ಟಗೆ ಮುರಿಯುತ್ತಿರಲಿಲ್ಲ," ಎಂದಳು ರಾಧಮ್ಮ. ಹೇಳಿ ಸಿಂಕಿನ ಕಡೆ ತಿರುಗಿ ನಿಂತಳು. ಬಹಳ ಹೊತ್ತು ನಲ್ಲಿ ಹರಿಯುತ್ತಲೇ ಇತ್ತು, ಕೈಯಲ್ಲಿ ತೊಳೆಯಲು ಪಾತ್ರೆ ಮಾತ್ರ ಇರಲಿಲ್ಲ. ಅಮ್ಮ ಹೋಗಿ, ಆ ನೀರಿಗೆ ಗ್ಲಾಸಿನ ಚಮಚವನ್ನು ಹಿಡಿದಳು.

ಅಪ್ಪ ಗೋಧಿಯ ರುಚಿ ನೋಡಿದ. ಇನ್ನೊಮ್ಮೆ ನೋಡಿದ. "ಹುಗ್ಗಿ ಮಾಡ್ಯಾರ ಇವರು. ಆದ್ರ ಮಾಡಾಕ ಬರೂದಿಲ್ಲ. ಬೆಲ್ಲ ಹಾಕ್ಬೇಕಿತ್ತು."

ಆಮೇಲೆ ಪ್ರತಿ ಮೇ ತಿಂಗಳಲ್ಲೂ ಆ ದಿನ ಅಮ್ಮನಿಗೆ ಒಂದು ದೂರು ಹುಟ್ಟುತ್ತಿತ್ತು. ಒಂದು ವರ್ಷ ಬೇಲಿ ನಮ್ಮ ಕಡೆ ವಾಲಿತ್ತು, ಒಂದು ವರ್ಷ ಮಳೆನೀರಿನ ದೋಣಿ ಸೋರುತ್ತಿತ್ತು, ದೂರು ಸಿಗದ ವರ್ಷ ಅವರ ಹಿತ್ತಲಿನ ಹಕ್ಕಿಗಳು ಜಾಸ್ತಿ ಕೂಗುತ್ತವೆ ಎಂದು ರೇಷ್ಮೆ ಉಟ್ಟು ಹೋದಳು. ಬಾಂಬು ನಿಂತು, ಹೌನ್ಸ್ಲೋದವರು ಮತ್ತೆ ಬಂದು ಹಾಡತೊಡಗಿದ ಮೇಲೂ ದೂರು ತಪ್ಪಲಿಲ್ಲ. ಅಪ್ಪನ ಜೇಬಿನಲ್ಲಿ ಒಂದು ಅಚ್ಚು ಬೆಲ್ಲ. ರಾಧಮ್ಮ ಅದನ್ನು ಮೂಸಿ, ಟೋಸ್ಟರಿನ ಮೇಲಿಡುತ್ತಿದ್ದಳು. "ಈ ಕಂದು ಕಲ್ಲನ್ನು ನಮ್ಮ ಮುನಿಸಿಪಾಲಿಟಿಯಲ್ಲಿ ಕತ್ತೆಗೂ ತಿನ್ನಿಸುವುದಿಲ್ಲ." ನವರಾತ್ರಿಗೆ ಅಮ್ಮ ಅವಳನ್ನು ಕೊನೆಯವರೆಗೂ ಕರೆಯಲಿಲ್ಲ; ಆದರೆ ದೊಡ್ಡ ಸೋಫಾದಲ್ಲಿ ಬೇರೆಯವರು ಕೂರಲು ಹೋದರೆ, 'ಅಲ್ಲಿ ಪ್ಲಾಸ್ಟಿಕ್ ಹರಿದಿದೆ' ಎಂದು ಎಬ್ಬಿಸುತ್ತಿದ್ದಳು.

ನಾನು ಕಾಲೇಜಿನಲ್ಲಿರುವಾಗ ರಾಧಮ್ಮ, ಮಿಲಾನ್ ಮನೆ ಮಾರಿ ಊರಿಗೆ ಹೋದರು. ಮದುವೆಯಾದ ಹೊಸತರಲ್ಲಿ, ಗಂಡನಿಗೆ ಬೆಲ್‌ಗ್ರೇಡಿನಲ್ಲಿ ಕೆಲಸವಿತ್ತೆಂದು ನಾನೂ ಹೋದೆ. ಮೇ ತಿಂಗಳೇ ಆದ್ದರಿಂದ ಬಾಡಿಗೆ ಕಾರಿನಲ್ಲಿ ಸ್ವರ್ಲಿಗ್‌ಗೆ ಹೊರಟೆವು. ಅಪ್ಪ ಬೆಲ್ಲ ಕಟ್ಟಿಕೊಟ್ಟಿದ್ದ. ಅಮ್ಮ ದೂರು ಕಟ್ಟಿಕೊಟ್ಟಿದ್ದಳು. ಬೆಟ್ಟ ಇಳಿದು ಊರು ಕಂಡಾಗ ಗಂಡ ಕಾರು ನಿಧಾನ ಮಾಡಿ, "ಇದೇನಾ?" ಎಂದ. ಇದೇ. ಒಂದು ಮುಖ್ಯ ಬೀದಿ, ಮಾಸಿದ ಕಟ್ಟಡಗಳು, ಕಾಫಿಯ ಮುಂದೆ ಕದಲದೆ ಕೂತ ಮುದುಕರು, ಎಲ್ಲಿಗೂ ಹೊರಡುವ ಆತುರವಿಲ್ಲದ ಬಸ್ಸು, ಗಾಳಿಯಲ್ಲಿ ಕುರಿ. ಪಿನ್ನರ್‌ನ ಹೈ ಸ್ಟ್ರೀಟಿನಲ್ಲಿ ಇಂಥ ಎರಡು ಊರು ಹಿಡಿಸಬಹುದು. ಇಡೀ ಬಾಲ್ಯ ನಾನು ಇದರ ಮಹಿಮೆ ಕೇಳುತ್ತ ಹಾಲು ಕುಡಿದಿದ್ದೆನೆಂದು ನೆನೆದು ನಗು ಬಂತು. ರಾಧಮ್ಮ ಬಾಂಬುಗಳಿಗೆ ಹೇಳಿದ ಸುಳ್ಳು ಸುಳ್ಳೇ ಆಗಿರಲಿಲ್ಲ.

ಅವಳ ಮನೆಯ ಬಾಗಿಲು ಗೇಣು ತೆರೆದಿತ್ತು. ಒಳಗೆ ತಂಗಿ, ತಂಗಿಯ ಮಕ್ಕಳು, ಬೀದಿಯ ಹೆಂಗಸರು, ಮೂಲೆಯಲ್ಲಿ ಟೈ ಕಟ್ಟಿದ ಮಿಲಾನ್, ಕೂರಲು ಜಾಗವಿರಲಿಲ್ಲ. ನನ್ನನ್ನು ಕಂಡು ರಾಧಮ್ಮ ಆಶ್ಚರ್ಯಪಡಲಿಲ್ಲ. ಕರೆಯದೆ ಬಂದವರನ್ನು ಕಂಡು ಆ ದಿನ ಅಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ.

"ಅಮ್ಮ ಕಂಪ್ಲೇಂಟ್ ಕಳಿಸಿದ್ದಾಳೆ," ಎಂದೆ. "ನಿಮ್ಮ ಮನೆ ಕೊಂಡವರು ತುಂಬಾ ಒಳ್ಳೆಯವರಂತೆ. ವಾಸನೆ ಇಲ್ಲ, ಸದ್ದಿಲ್ಲ. ಇಂಥವರಿಗೆ ಯಾಕೆ ಮಾರಿದಿರಿ ಅಂತ ಕೇಳು ಅಂದಳು."

ರಾಧಮ್ಮ ನನ್ನ ಹಣೆಯ ಕುಂಕುಮ ನೋಡಿದಳು. ಆಮೇಲೆ ನನ್ನ ಕೈಯಿಂದ ಬೆಲ್ಲದ ಪೊಟ್ಟಣ ಕಿತ್ತುಕೊಂಡು ಅಡುಗೆಮನೆಗೆ ನಡೆದಳು. ತುರಿಯುವ ಸದ್ದು ಕೇಳಿತು. ಗೋಧಿಯ ಬಟ್ಟಲು ಹೊರಗೆ ಬಂದಾಗ ಬಿಳಿಯ ಗುಡ್ಡೆಯ ಬಣ್ಣ ಕಂದಾಗಿತ್ತು. ಅದನ್ನು ಮೊದಲು ನನಗೆ ಹಿಡಿದಳು. ನಾನು ತಲೆ ಹಿಂದಕ್ಕೆ ವಾಲಿಸಿ, ಚಮಚ ತಾಕಿಸದೆ ಹಾಕಿಕೊಂಡೆ. ನಂತರ ಮುನಿಸಿಪಾಲಿಟಿ ಕಚೇರಿಯ ಎದುರಿನ ಆ ಬೀದಿಯ ದಪ್ಪನೆಯ ಹೆಂಗಸೊಬ್ಬಳು ಒಂದು ಚಮಚ ತಿಂದು, ಮುಖ ಕಿವುಚಿ, ಇದೇನು ಹಾಕಿದ್ದೀಯೆ ಎಂದು ಕೇಳಿದಳು. ರಾಧಮ್ಮನ ಮೂಗಿನ ಹೊಳ್ಳೆ ಒಂದಿಷ್ಟು ಅರಳಿತು. ತುಟಿಯ ಎಡತುದಿ ಒಂದಿಷ್ಟು ಕೆಳಗಿಳಿಯಿತು.

"ನಿಮಗೆಲ್ಲಿ ಗೊತ್ತಾಗಬೇಕು," ಎಂದಳು, ದನಿ ಏರಿಸದೆ. "ನಮ್ಮ ಪಿನ್ನರ್‌ನಲ್ಲಿ ಎಲ್ಲರೂ ಹೀಗೇ ಮಾಡುವುದು."